ಯೂನಿಫಾರ್ಮ್ ಕಳಚಿಟ್ಟ ಮೇಲೆ: ಎರಿಕ್ ಆಡಮ್ಸ್ ಮತ್ತು ನ್ಯೂಯಾರ್ಕ್ ಮೇಯರ್ ಕುರ್ಚಿ

2022ರ ಜನವರಿ 1ರ ಬೆಳಿಗ್ಗೆ. ಬ್ರೂಕ್ಲಿನ್‌ನ ಕೊಸಿಯುಸ್ಕೊ ಸ್ಟ್ರೀಟ್ ರೈಲು ನಿಲ್ದಾಣ. ನ್ಯೂಯಾರ್ಕ್‌ನ ಹೊಸ ಮೇಯರ್ ಎರಿಕ್ ಆಡಮ್ಸ್ ಮೊದಲ ದಿನದ ಕೆಲಸಕ್ಕೆ ಸಿಟಿ ಹಾಲ್‌ಗೆ ಹೊರಟಿದ್ದರು, ಜೆ ರೈಲಿನಲ್ಲಿ. ಹಿಂದೆ ಮುಂದೆ ಪತ್ರಕರ್ತರು, ಕ್ಯಾಮೆರಾಗಳು. ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಮೂವರು ಕೈಕೈ ಮಿಲಾಯಿಸುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಜೇಬಿನಿಂದ ಫೋನ್ ತೆಗೆದರು, ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಮಾಡಿದರು. ಹಲ್ಲೆ ನಡೀತಿದೆ, ಮೂವರು ಗಂಡಸರು, ಇಂಥ ಜಾಗ ಅಂತ ಹೇಳಿದರು. ಆ ಕಡೆಯವರು ಹೆಸರು ಕೇಳಿದಾಗ ಹೇಳಿದ್ದು ಇಷ್ಟು: ‘ಆಡಮ್ಸ್, ಮೇಯರ್ ಆಡಮ್ಸ್.’

ಆ ದೃಶ್ಯ ಅವತ್ತೇ ಎಲ್ಲ ಕಡೆ ಹರಿದಾಡಿತು. ಬಹಳ ಜನಕ್ಕೆ ಇಷ್ಟವಾಯಿತು. ಯಾಕೆ ಅಂತ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಬೀದಿಯಲ್ಲಿ ಏನಾಗುತ್ತಿದೆ ಅಂತ ನೋಡಬಲ್ಲ, ನೋಡಿದ್ದನ್ನು ಎರಡೇ ಮಾತಿನಲ್ಲಿ ವರದಿ ಮಾಡಬಲ್ಲ ಮನುಷ್ಯ ಮೇಯರ್ ಆಗಿದ್ದಾನೆ ಅನ್ನುವ ಭರವಸೆ ಅದು. 22 ವರ್ಷ ಪೊಲೀಸ್ ಕೆಲಸ ಮಾಡಿ ಕ್ಯಾಪ್ಟನ್ ಆಗಿ ನಿವೃತ್ತರಾದವರಿಗೆ ಅದು ಅಭ್ಯಾಸವಾಗಿ ಹೋಗಿರುತ್ತದೆ.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಮನುಷ್ಯ ಮರುಚುನಾವಣೆಯ ಕಣದಿಂದಲೇ ಹಿಂದೆ ಸರಿದರು. 2025ರ ಡಿಸೆಂಬರ್ 31ಕ್ಕೆ ಅಧಿಕಾರ ಮುಗಿಯಿತು. ಈ ನಡುವೆ ಏನಾಯಿತು? ಪೊಲೀಸ್ ಅನುಭವ ಒಬ್ಬ ಮೇಯರ್‌ಗೆ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ? ಆಡಮ್ಸ್ ಕಥೆಯನ್ನು ಸುಮ್ನೆ ‘ಭ್ರಷ್ಟಾಚಾರದ ಕೇಸು’ ಅಂತ ನೋಡಿ ಮುಗಿಸಿದರೆ ಈ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ನನಗೆ ಅದೇ ಮುಖ್ಯ ಪ್ರಶ್ನೆ ಅನ್ನಿಸುತ್ತದೆ.

ಮೊದಲು ಕುರ್ಚಿಯ ಬಗ್ಗೆ ಎರಡು ಮಾತು. ನ್ಯೂಯಾರ್ಕ್ ಮೇಯರ್ ಅಂದರೆ ಸಭೆಗೆ ಅಧ್ಯಕ್ಷತೆ ವಹಿಸಿ, ಗಣ್ಯರಿಗೆ ಹಾರ ಹಾಕುವ ಹುದ್ದೆ ಅಲ್ಲ. 80 ಲಕ್ಷಕ್ಕೂ ಹೆಚ್ಚು ಜನರ ನಗರ. ವರ್ಷದ ಬಜೆಟ್ 100 ಶತಕೋಟಿ ಡಾಲರ್ ದಾಟುತ್ತದೆ. ಶಾಲೆ, ಕಸ, ಅಗ್ನಿಶಾಮಕ, ಜೈಲು, ಆಶ್ರಯ ಕೇಂದ್ರ, ಎಲ್ಲವೂ ಮೇಯರ್ ಕೈಯಲ್ಲಿ. ಮೂವತ್ತು ಸಾವಿರಕ್ಕೂ ಹೆಚ್ಚು ಪೊಲೀಸರಿರುವ ಇಲಾಖೆಯ ಕಮಿಷನರ್‌ನ ನೇಮಿಸುವುದೂ ಅವರೇ, ಕಿತ್ತು ಹಾಕುವುದೂ ಅವರೇ. ಈ ಕೊನೆಯ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಠಾಣೆಯ ನೆಲಮಾಳಿಗೆ

ಆಡಮ್ಸ್ ಹುಟ್ಟಿದ್ದು 1960ರಲ್ಲಿ, ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್‌ನಲ್ಲಿ. ಬೆಳೆದದ್ದು ಕ್ವೀನ್ಸ್‌ನ ಸೌತ್ ಜಮೈಕಾದಲ್ಲಿ. ತಾಯಿ ಡೊರೊತಿ ಮನೆ ಕ್ಲೀನ್ ಮಾಡುವ ಕೆಲಸಕ್ಕೆ ಹೋಗಿ ಆರು ಮಕ್ಕಳನ್ನು ಸಾಕಿದವರು.

ಎರಿಕ್‌ಗೆ 15 ವರ್ಷ ಇದ್ದಾಗ ಅವರನ್ನೂ ಅವರ ಅಣ್ಣನನ್ನೂ ಪೊಲೀಸರು ಹಿಡಿದರು. ಯಾರದೋ ಮನೆಗೆ ಅನುಮತಿ ಇಲ್ಲದೆ ಹೊಕ್ಕಿದ್ದರು ಅನ್ನುವುದು ಆರೋಪ. ಕರೆದೊಯ್ದದ್ದು ಕ್ವೀನ್ಸ್‌ನ 103ನೇ ಠಾಣೆಗೆ. ಅಲ್ಲಿನ ನೆಲಮಾಳಿಗೆಯಲ್ಲಿ ತಮ್ಮಿಬ್ಬರ ತೊಡೆಸಂದಿಗೆ ಬೂಟುಕಾಲಿನಿಂದ ಒದ್ದರು ಅಂತ ಆಡಮ್ಸ್ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಕೊನೆಗೆ ಒಬ್ಬ ಕಪ್ಪು ಪೊಲೀಸ್ ಬಂದು ‘ಸಾಕು ಬಿಡಿ’ ಅಂದನಂತೆ. ವಾರದವರೆಗೂ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಇಂಥ ಹುಡುಗ ಪೊಲೀಸ್ ಆಗಿದ್ದು ಹೇಗೆ? ಬ್ರೂಕ್ಲಿನ್‌ನಲ್ಲಿ ಹರ್ಬರ್ಟ್ ಡಾಟ್ರಿ ಅಂತ ಒಬ್ಬ ಪಾದ್ರಿ ಇದ್ದರು. ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಿಳಿದು ಹೋರಾಡುತ್ತಿದ್ದವರು. ಹೊರಗೆ ನಿಂತು ಕೂಗಿದರೆ ಸಾಲದು, ಒಳಗೂ ನಮ್ಮವರು ಬೇಕು ಅನ್ನುವುದು ಅವರ ಲೆಕ್ಕ. ಯುವಕರನ್ನು ಇಲಾಖೆಗೆ ಸೇರಲು ಹುರಿದುಂಬಿಸಿದರು. ಅವರ ಮಾತು ಕೇಳಿ ಸೇರಿದವರಲ್ಲಿ ಆಡಮ್ಸ್ ಒಬ್ಬರು. 1984ರಲ್ಲಿ ಮೊದಲು ಮೆಟ್ರೊ ರೈಲಿನ ಪೊಲೀಸ್ ಪಡೆ ಸೇರಿದರು. 1995ರಲ್ಲಿ ಆ ಪಡೆ ನಗರದ ಪೊಲೀಸ್ ಇಲಾಖೆಯಲ್ಲೇ ವಿಲೀನವಾಯಿತು.

ಅದೇ 1995ರಲ್ಲಿ ಆಡಮ್ಸ್ ಮತ್ತು ಕೆಲವರು ಸೇರಿ ಕಪ್ಪು ಪೊಲೀಸರ ಒಂದು ಸಂಘಟನೆ ಕಟ್ಟಿದರು. ಕೆಲಸದಲ್ಲಿರುವ ಪೊಲೀಸರೇ ತಮ್ಮ ಇಲಾಖೆಯ ತಪ್ಪನ್ನು ಕ್ಯಾಮೆರಾ ಮುಂದೆ ನಿಂತು ಹೇಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಪೊಲೀಸರು ತಡೆದು ನಿಲ್ಲಿಸಿದರೆ ಹೇಗೆ ವರ್ತಿಸಬೇಕು, ಜೀವ ಹೇಗೆ ಉಳಿಸಿಕೊಳ್ಳಬೇಕು ಅಂತ ಕಪ್ಪು ಹುಡುಗರಿಗೆ ಈ ಸಂಘಟನೆಯವರು ಹೇಳಿಕೊಡುತ್ತಿದ್ದರು. ಯೂನಿಫಾರ್ಮ್ ಹಾಕುವವರೇ ಯೂನಿಫಾರ್ಮ್‌ನಿಂದ ಪಾರಾಗುವ ದಾರಿ ಕಲಿಸಬೇಕಾದ ಸ್ಥಿತಿ. ಮೇಲಧಿಕಾರಿಗಳಿಗೆ ಆಡಮ್ಸ್ ಕಂಡರೆ ಆಗುತ್ತಿರಲಿಲ್ಲ. ಆದರೂ ಬಡ್ತಿ ಪಡೆಯುತ್ತಾ ಕ್ಯಾಪ್ಟನ್ ಹಂತಕ್ಕೆ ಬಂದು 2006ರಲ್ಲಿ ನಿವೃತ್ತರಾದರು. ಮರುವರ್ಷವೇ ರಾಜ್ಯ ಸೆನೆಟ್‌ನಲ್ಲಿ ಕೂತರು.

ಸಾಕ್ಷಿ ಕಟ್ಟೆ ಹತ್ತಿದ ಮಾಜಿ ಪೊಲೀಸ್

ಆಡಮ್ಸ್ ಅವರ ಇಡೀ ವೃತ್ತಿಯಲ್ಲಿ ನಾನು ತುಂಬಾ ಗೌರವಿಸುವ ಭಾಗ ಇದು. ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಆಗ ನ್ಯೂಯಾರ್ಕ್‌ನಲ್ಲಿ ದಾರಿಹೋಕರನ್ನು ತಡೆದು, ಪ್ರಶ್ನಿಸಿ, ಮೈ ತಡವಿ ತಪಾಸಣೆ ಮಾಡುವುದು ಮಿತಿ ಮೀರಿತ್ತು. 2011 ಒಂದೇ ವರ್ಷ 6.85 ಲಕ್ಷಕ್ಕೂ ಹೆಚ್ಚು ಸಲ ಹೀಗೆ ಮಾಡಿದ್ದು ಪೊಲೀಸರ ದಾಖಲೆಯಲ್ಲೇ ಇದೆ. ಅದರಲ್ಲಿ ಹತ್ತಕ್ಕೆ ಹೆಚ್ಚುಕಡಿಮೆ ಒಂಬತ್ತು ಸಲ ಬಂಧನವೂ ಇಲ್ಲ, ದಂಡದ ಚೀಟಿಯೂ ಇಲ್ಲ. ಅಂದರೆ ಸಿಕ್ಕವರು ಏನೂ ಮಾಡಿರಲಿಲ್ಲ. ತಡೆಸಿಕೊಂಡವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಯುವಕರು. ಏನೂ ತಪ್ಪು ಮಾಡದವರ ಹೆಸರು, ವಿಳಾಸ ಕೂಡ ಇಲಾಖೆಯ ಕಂಪ್ಯೂಟರ್‌ನಲ್ಲಿ ಶಾಶ್ವತವಾಗಿ ಕೂರುತ್ತಿತ್ತು.

ಹೀಗೆ ಹೆಸರು ಇಟ್ಟುಕೊಳ್ಳುವುದನ್ನು ನಿಲ್ಲಿಸುವ ಮಸೂದೆಗೆ ಸೆನೆಟ್‌ನಲ್ಲಿ ಮುಂದೆ ನಿಂತವರು ಆಡಮ್ಸ್. 2010ರ ಜುಲೈನಲ್ಲಿ ಗವರ್ನರ್ ಡೇವಿಡ್ ಪ್ಯಾಟರ್‌ಸನ್ ಸಹಿ ಹಾಕಿದರು, ಕಾನೂನಾಯಿತು. ಆ ಹೊತ್ತಿಗೆ ಗವರ್ನರ್ ಕಚೇರಿಯಲ್ಲಿ ಒಂದು ಸಭೆ ನಡೆಯಿತು. ಆಗಿನ ಪೊಲೀಸ್ ಕಮಿಷನರ್ ರೇ ಕೆಲ್ಲಿ ಕೂಡ ಇದ್ದರು. ಮನೆ ಬಿಟ್ಟು ಹೊರಬಿದ್ದಾಗಲೆಲ್ಲ ಪೊಲೀಸರು ತಡೆಯಬಹುದು ಅನ್ನುವ ಭಯವನ್ನು ಕಪ್ಪು ಮತ್ತು ಲ್ಯಾಟಿನೊ ಯುವಕರಲ್ಲಿ ಹುಟ್ಟಿಸುವುದೇ ಉದ್ದೇಶ ಅಂತ ಕೆಲ್ಲಿ ಅಲ್ಲಿ ಹೇಳಿದರು ಅನ್ನುವುದು ಆಡಮ್ಸ್ ಮಾತು. ಈ ಮಾತನ್ನು ಅವರು 2013ರಲ್ಲಿ ಫೆಡರಲ್ ಕೋರ್ಟಿನ ಸಾಕ್ಷಿ ಕಟ್ಟೆಯಲ್ಲಿ ನಿಂತು, ಪ್ರಮಾಣ ಮಾಡಿ ಹೇಳಿದರು. ಕೆಲ್ಲಿ ಅದನ್ನು ಅಲ್ಲಗಳೆದರು. ಆ ವರ್ಷದ ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಶಿರಾ ಶೈಂಡ್‌ಲಿನ್ ತೀರ್ಪು ಕೊಟ್ಟರು: ಈ ತಪಾಸಣೆ ನಡೆಯುತ್ತಿದ್ದ ರೀತಿ ಸಂವಿಧಾನಕ್ಕೆ ವಿರುದ್ಧ. ಇಲಾಖೆಯ ಮೇಲೆ ಕಣ್ಣಿಡಲು ಕೋರ್ಟಿನ ಪರವಾಗಿ ಒಬ್ಬ ಮೇಲ್ವಿಚಾರಕರನ್ನೂ ನೇಮಿಸಿದರು.

ಒಬ್ಬ ಮಾಜಿ ಕ್ಯಾಪ್ಟನ್ ತನ್ನದೇ ಇಲಾಖೆಯ ದೊಡ್ಡ ಸಾಹೇಬರ ವಿರುದ್ಧ ಹೀಗೆ ಕೋರ್ಟಿನಲ್ಲಿ ಮಾತಾಡಿದ್ದು ಧೈರ್ಯದ ಕೆಲಸ. ಇದನ್ನು ಮರೆತು ಆಡಮ್ಸ್ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ ಅಲ್ವಾ?

7,197 ಮತಗಳು

ಮುಂದೆ ಎಂಟು ವರ್ಷ ಬ್ರೂಕ್ಲಿನ್ ಬರೋ, ಅಂದರೆ ನಗರದ ಐದು ವಿಭಾಗಗಳಲ್ಲಿ ಒಂದರ, ಅಧ್ಯಕ್ಷರಾಗಿದ್ದರು. ಅಧಿಕಾರ ಕಮ್ಮಿ, ಓಡಾಟ ಜಾಸ್ತಿ ಇರುವ ಹುದ್ದೆ ಅದು. ಮೇಯರ್ ಚುನಾವಣೆಗೆ ತಯಾರಾಗಲು ಸರಿಯಾದ ಜಾಗ.

2020ರಲ್ಲಿ ಎರಡು ಅಲೆ ಒಟ್ಟಿಗೇ ಎದ್ದವು. ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿ ಸತ್ತ ನಂತರ ಪೊಲೀಸರ ವಿರುದ್ಧ ದೊಡ್ಡ ಪ್ರತಿಭಟನೆ, ಪೊಲೀಸ್ ಬಜೆಟ್ ಕಡಿತ ಮಾಡಿ ಅನ್ನುವ ಕೂಗು. ಇನ್ನೊಂದು ಕಡೆ ಕೋವಿಡ್ ಹೊತ್ತಿನಲ್ಲೇ ಗುಂಡಿನ ದಾಳಿಗಳು ಹೆಚ್ಚುಕಡಿಮೆ ಇಮ್ಮಡಿಯಾದವು. ಗುಂಡೇಟು ತಿಂದವರಲ್ಲಿ ಬಹಳ ಮಂದಿ ಕಪ್ಪು ಮತ್ತು ಲ್ಯಾಟಿನೊ ಬಡಾವಣೆಗಳ ಬಡವರು. ಅವರಿಗೆ ಪೊಲೀಸರೂ ಬೇಕು, ಒದೆಯದ ಪೊಲೀಸರು ಬೇಕು. ಎರಡನ್ನೂ ಒಟ್ಟಿಗೆ ಕೇಳುವುದು ನ್ಯಾಯವಾದ ಬೇಡಿಕೆ. ಅದನ್ನು ‘ನಾನು ಎರಡೂ ಕಡೆ ನಿಂತು ನೋಡಿದ್ದೇನೆ’ ಅಂತ ಹೇಳುವ ಹಕ್ಕು ಇದ್ದ ಅಭ್ಯರ್ಥಿ ಆಡಮ್ಸ್ ಒಬ್ಬರೇ. ನೆಲಮಾಳಿಗೆಯಲ್ಲಿ ಒದೆ ತಿಂದ ಹುಡುಗನೂ ಅವರೇ, ಠಾಣೆಯ ಕ್ಯಾಪ್ಟನ್ನೂ ಅವರೇ.

2021ರ ಜೂನ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಮತದಾರರು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಅಂತ ಕ್ರಮ ಕೊಡುವ ಪದ್ಧತಿ ಇತ್ತು. ಎಂಟು ಸುತ್ತಿನ ಎಣಿಕೆ ಮುಗಿದಾಗ ಕ್ಯಾಥರಿನ್ ಗಾರ್ಸಿಯಾ ಅವರನ್ನು ಆಡಮ್ಸ್ ಸೋಲಿಸಿದ್ದು ಬರೀ 7,197 ಮತಗಳಿಂದ. ಅಷ್ಟು ದೊಡ್ಡ ನಗರದಲ್ಲಿ ಇದು ಕೂದಲೆಳೆಯ ಅಂತರ. ನವೆಂಬರ್‌ನಲ್ಲಿ ರಿಪಬ್ಲಿಕನ್ ಕರ್ಟಿಸ್ ಸ್ಲಿವಾ ವಿರುದ್ಧ ಸುಲಭವಾಗಿ ಗೆದ್ದರು. ಹೊಸ ವರ್ಷದ ಮಧ್ಯರಾತ್ರಿ ಟೈಮ್ಸ್ ಸ್ಕ್ವೇರ್‌ನಲ್ಲಿ ಪ್ರಮಾಣ ಮಾಡುವಾಗ ಅವರ ಕೈಯಲ್ಲಿ ತಾಯಿಯ ಫೋಟೊ ಇತ್ತು. ಡೊರೊತಿ 2021ರಲ್ಲೇ ತೀರಿಕೊಂಡಿದ್ದರು. ಆ ರಾತ್ರಿ ಕಳೆದು ಬೆಳಗಾದಾಗಲೇ ಕೊಸಿಯುಸ್ಕೊ ಸ್ಟ್ರೀಟ್‌ನ ಆ ಫೋನ್ ಕರೆ.

ಮತ್ತೆ ಅದೇ ತಪಾಸಣೆ

ಅಧಿಕಾರಕ್ಕೆ ಬಂದ ಮೂರೇ ವಾರಕ್ಕೆ ಹಾರ್ಲೆಮ್‌ನಲ್ಲಿ ಇಬ್ಬರು ಯುವ ಪೊಲೀಸರು ಗುಂಡಿಗೆ ಬಲಿಯಾದರು. ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನ ಸನ್‌ಸೆಟ್ ಪಾರ್ಕ್ ಬಳಿ ಮೆಟ್ರೊ ರೈಲಿನೊಳಗೆ ಒಬ್ಬ ಹತ್ತು ಜನಕ್ಕೆ ಗುಂಡು ಹೊಡೆದ. ನಗರ ಹೆದರಿತ್ತು.

ಆಡಮ್ಸ್ ಮಾಡಿದ ದೊಡ್ಡ ನಿರ್ಧಾರ, ಮಫ್ತಿ ಪೊಲೀಸ್ ತಂಡಗಳನ್ನು ಬೇರೆ ಹೆಸರಿನಲ್ಲಿ ವಾಪಸ್ ತಂದದ್ದು. ಅಕ್ರಮ ಬಂದೂಕು ಹಿಡಿಯುವುದು ಈ ತಂಡಗಳ ಕೆಲಸ. ಜನರ ಮೇಲೆ ಕೈ ಮಾಡುತ್ತಾರೆ ಅನ್ನುವ ದೂರು ತುಂಬಿ 2020ರ ಜೂನ್‌ನಲ್ಲಿ ಹಳೆಯ ತಂಡಗಳನ್ನು ರದ್ದು ಮಾಡಲಾಗಿತ್ತು. 2022ರ ಮಾರ್ಚ್‌ನಲ್ಲಿ ‘ನೆರೆಹೊರೆ ಸುರಕ್ಷತಾ ತಂಡ’ ಅನ್ನುವ ಹೆಸರಿನಲ್ಲಿ ಬಂದವು. ಈ ಸಲ ಎದೆಯ ಮೇಲೆ ಕ್ಯಾಮೆರಾ ಇರುತ್ತದೆ, ಪೊಲೀಸ್ ಅಂತ ಗುರುತು ಕಾಣುವ ಜಾಕೆಟ್ ಇರುತ್ತದೆ, ಒಳ್ಳೆಯ ತರಬೇತಿ ಇರುತ್ತದೆ ಅಂತ ಮೇಯರ್ ಭರವಸೆ ಕೊಟ್ಟರು. ಒಳಗಿದ್ದು ಬಂದವನಿಗೆ ತಪ್ಪು ಎಲ್ಲಾಗುತ್ತದೆ ಅಂತ ಗೊತ್ತು, ಹಾಗಾಗಿ ಸರಿ ಮಾಡಬಲ್ಲೆ ಅನ್ನುವುದು ಅವರ ನಂಬಿಕೆ.

2023ರ ಜೂನ್‌ನಲ್ಲಿ ಕೋರ್ಟಿನ ಮೇಲ್ವಿಚಾರಕರ ವರದಿ ಬಂತು. ಈ ತಂಡಗಳು ತಡೆದವರಲ್ಲಿ 97 ಶೇಕಡಾ ಕಪ್ಪು ಅಥವಾ ಲ್ಯಾಟಿನೊ ಜನ. ಪರಿಶೀಲಿಸಿದ ತಪಾಸಣೆಗಳಲ್ಲಿ ಹತ್ತಿರ ಹತ್ತಿರ ನಾಲ್ಕಕ್ಕೆ ಒಂದು ಕಾನೂನುಬಾಹಿರ. ಇದು ಅದೇ ಮೇಲ್ವಿಚಾರಣೆ, 2013ರಲ್ಲಿ ಆಡಮ್ಸ್ ಸಾಕ್ಷಿ ಹೇಳಿದ ಕೇಸಿನಿಂದ ಹುಟ್ಟಿದ್ದು. ಓದುವಾಗ ಮನಸ್ಸಿಗೆ ನೋವಾಗುತ್ತದೆ.

ಮುಂದೆ ಇನ್ನೊಂದು ನಡೆಯಿತು. ಯಾರನ್ನಾದರೂ ತನಿಖೆಯ ನೆಪದಲ್ಲಿ ಮಾತಾಡಿಸಿದರೂ ಪೊಲೀಸರು ಅದನ್ನು ಬರೆದಿಡಬೇಕು ಅಂತ ನಗರ ಕೌನ್ಸಿಲ್ ಒಂದು ಕಾನೂನು ಮಾಡಿತು. ಯಾರನ್ನು, ಎಲ್ಲಿ, ಯಾಕೆ, ಅಷ್ಟೇ. ಪೊಲೀಸರ ಸಮಯವೆಲ್ಲ ಬರೆಯುವುದರಲ್ಲೇ ಹೋಗುತ್ತದೆ ಅಂತ ಆಡಮ್ಸ್ ವೀಟೊ ಹಾಕಿದರು. ಕೌನ್ಸಿಲ್ ಸದಸ್ಯರನ್ನು ಪೊಲೀಸ್ ಗಸ್ತಿನ ಜೊತೆ ಕರೆದೊಯ್ದು ಕೆಲಸ ಹೇಗಿರುತ್ತದೆ ಅಂತ ತೋರಿಸಲೂ ವ್ಯವಸ್ಥೆ ಮಾಡಿದರು.

ಆ ಗಸ್ತಿಗೆ ಹೋಗಬೇಕಿದ್ದವರಲ್ಲಿ ಯೂಸುಫ್ ಸಲಾಂ ಒಬ್ಬರು. 1989ರ ಸೆಂಟ್ರಲ್ ಪಾರ್ಕ್ ಪ್ರಕರಣದಲ್ಲಿ, ಮಾಡದ ತಪ್ಪಿಗೆ ಹದಿಹರೆಯದಲ್ಲೇ ಜೈಲು ಸೇರಿ, ನಿರಪರಾಧಿ ಅಂತ ಸಾಬೀತಾದ ಐವರಲ್ಲಿ ಒಬ್ಬರು. ಆಗ ಹಾರ್ಲೆಮ್‌ನ ಕೌನ್ಸಿಲ್ ಸದಸ್ಯ, ಸಾರ್ವಜನಿಕ ಸುರಕ್ಷತಾ ಸಮಿತಿಯ ಅಧ್ಯಕ್ಷ. 2024ರ ಜನವರಿ 26ರ ಸಂಜೆ ಹೆಂಡತಿ, ಮಕ್ಕಳ ಜೊತೆ ಕಾರಿನಲ್ಲಿ ಹೋಗುತ್ತಿದ್ದಾಗ ಪೊಲೀಸರು ತಡೆದರು. ತಾನು ಕೌನ್ಸಿಲ್ ಸದಸ್ಯ ಅಂತ ಹೇಳಿ, ಯಾಕೆ ನಿಲ್ಲಿಸಿದ್ದು ಅಂತ ಕೇಳಿದರು. ಅಧಿಕಾರಿ ಕಾರಣ ಹೇಳಲಿಲ್ಲ, ಹೊರಟುಹೋದರು. ಕಾರಿನ ಗಾಜಿಗೆ ಕಪ್ಪು ಟಿಂಟ್ ಮಿತಿ ಮೀರಿತ್ತು ಅಂತ ಇಲಾಖೆ ಆಮೇಲೆ ವಿವರಣೆ ಕೊಟ್ಟಿತು. ಮರುದಿನದ ಗಸ್ತಿಗೆ ಸಲಾಂ ಹೋಗಲಿಲ್ಲ. ಜನವರಿ 30ರಂದು ಕೌನ್ಸಿಲ್ 42–9 ಮತಗಳಿಂದ ಮೇಯರ್ ವೀಟೊವನ್ನು ತಳ್ಳಿಹಾಕಿತು.

2010ರಲ್ಲಿ ಸೆನೆಟರ್ ಆಡಮ್ಸ್ ಕೇಳಿದ್ದು ಒಂದೇ ಪ್ರಶ್ನೆ: ಪೊಲೀಸರು ಜನರ ಮೇಲೆ ಇಟ್ಟ ಲೆಕ್ಕಕ್ಕೆ ಯಾರು ಹೊಣೆ? 2024ರಲ್ಲಿ ಕೌನ್ಸಿಲ್ ಕೇಳಿದ್ದೂ ಹೊಣೆಯ ಪ್ರಶ್ನೆಯನ್ನೇ. ಪ್ರಶ್ನೆ ಕೇಳುವ ಜಾಗದಿಂದ ಉತ್ತರ ಕೊಡುವ ಜಾಗಕ್ಕೆ ಬಂದಾಗ ಆಡಮ್ಸ್ ಇಲಾಖೆಯ ಪರ ನಿಂತುಬಿಟ್ಟರು. ಅವರ ಅಧಿಕಾರಾವಧಿಯಲ್ಲಿ ನಿಜವಾಗಿ ತಪ್ಪಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ. ಕೋರ್ಟು ಕೇಸು ಎಲ್ಲ ಆಮೇಲಿನದು.

ಅಪರಾಧ ಇಳಿಯಲಿಲ್ಲವೇ? ಇಳಿಯಿತು. 2021ರಲ್ಲಿ ನಗರದಲ್ಲಿ 488 ಕೊಲೆ ಆಗಿದ್ದವು. 2024ರಲ್ಲಿ 377. 2025ರಲ್ಲಿ ಗುಂಡಿನ ದಾಳಿಗಳು ದಾಖಲೆ ಮಟ್ಟಕ್ಕೆ ಇಳಿದವು. ಅದೇ ವರ್ಷಗಳಲ್ಲಿ ಅಮೆರಿಕದ ಬೇರೆ ದೊಡ್ಡ ನಗರಗಳಲ್ಲೂ ಕೊಲೆ ಕಮ್ಮಿಯಾಯಿತು, ಹಾಗಾಗಿ ಪೂರ್ತಿ ಶ್ರೇಯ ಒಬ್ಬರಿಗೇ ಹೋಗುವುದಿಲ್ಲ. ಗಂಭೀರ ಹಲ್ಲೆ ಪ್ರಕರಣಗಳು ಇಳಿಯುವ ಬದಲು ಏರಿದವು ಕೂಡ. ಆದರೂ ಬೀದಿಯಿಂದ ಬಂದೂಕು ತೆಗೆಯಲು ಆಡಮ್ಸ್ ಹಗಲೂ ರಾತ್ರಿ ಒತ್ತು ಕೊಟ್ಟರು ಅನ್ನುವುದು ಸುಳ್ಳಲ್ಲ. ಬದುಕುಳಿದ ಆ ಜನರ ಮನೆಯವರಿಗೆ ಅದು ಸಣ್ಣ ವಿಷಯವಲ್ಲ.

ನಮ್ಮವರು ಅನ್ನುವ ನಂಟು

ಪೊಲೀಸ್ ಕೆಲಸದಲ್ಲಿ ಪಕ್ಕದಲ್ಲಿರುವವನ ಮೇಲೆ ಜೀವ ನಿಂತಿರುತ್ತದೆ. ಆ ನಂಟು ನಿವೃತ್ತಿಯಾದರೂ ಕಡಿಯುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಗರ ನಡೆಸಲು ಜನರನ್ನು ಆರಿಸುವಾಗ ಅದೇ ನಂಟು ಕಣ್ಣಿಗೆ ಪಟ್ಟಿ ಕಟ್ಟುತ್ತದೆ.

ಆಡಮ್ಸ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ನಿವೃತ್ತ ಪೊಲೀಸ್ ಆಗಿದ್ದ ತಮ್ಮ ಬರ್ನಾರ್ಡ್‌ಗೆ ಮೇಯರ್ ಭದ್ರತೆಯ ದೊಡ್ಡ ಹುದ್ದೆ ಕೊಟ್ಟದ್ದು. ಹಿತಾಸಕ್ತಿ ಸಂಘರ್ಷ ನೋಡುವ ಮಂಡಳಿ ಮಧ್ಯೆ ಬಂದ ಮೇಲೆ ಸಂಬಳ ವರ್ಷಕ್ಕೆ 1 ಡಾಲರ್ ಆಯಿತು. ಪೊಲೀಸ್ ಇಲಾಖೆಯಲ್ಲಿ ದೊಡ್ಡ ಸ್ಥಾನದಲ್ಲಿದ್ದ ಹಳೆಯ ಗೆಳೆಯ ಫಿಲಿಪ್ ಬ್ಯಾಂಕ್ಸ್ ಸಾರ್ವಜನಿಕ ಸುರಕ್ಷತೆಯ ಉಪಮೇಯರ್ ಆದರು. ಕಮಿಷನರ್ ಆಗಿ ಬಂದವರು ಕೀಚಂಟ್ ಸೂವೆಲ್. ಇಲಾಖೆಯ ಇತಿಹಾಸದಲ್ಲೇ ಆ ಹುದ್ದೆಗೆ ಬಂದ ಮೊದಲ ಮಹಿಳೆ. ಆದರೆ ಅವರ ತಲೆಯ ಮೇಲೆ ಸಿಟಿ ಹಾಲ್‌ನಲ್ಲಿ ಕೂತ ಮಾಜಿ ಪೊಲೀಸರ ಬಳಗವೇ ಇತ್ತು. ಬಡ್ತಿಯಂಥ ವಿಷಯದಲ್ಲೂ ಅವರಿಗೆ ಕೈ ಬಿಚ್ಚಿ ಕೆಲಸ ಮಾಡಲು ಬಿಡುತ್ತಿಲ್ಲ ಅಂತ ಆಗಲೇ ಸುದ್ದಿಯಾಗಿತ್ತು. ಮೇಯರ್‌ಗೆ ಬೇಕಾದ ಒಬ್ಬ ಹಿರಿಯ ಅಧಿಕಾರಿಯ ಮೇಲೆ ಶಿಸ್ತು ಕ್ರಮಕ್ಕೆ ಸೂವೆಲ್ ಮುಂದಾದರು. ಕೆಲವೇ ವಾರದಲ್ಲಿ, 2023ರ ಜೂನ್‌ನಲ್ಲಿ, ರಾಜೀನಾಮೆ ಕೊಟ್ಟರು. ಕಾರಣ ಹೇಳಲಿಲ್ಲ.

ಅವರ ನಂತರ ಬಂದ ಎಡ್ವರ್ಡ್ ಕಬಾನ್, ಫೆಡರಲ್ ತನಿಖಾಧಿಕಾರಿಗಳು ಫೋನ್ ವಶಪಡಿಸಿಕೊಂಡ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಇಳಿದರು. ಹಂಗಾಮಿಯಾಗಿ ಬಂದ ಟಾಮ್ ಡಾನ್‌ಲನ್ ಮನೆಗಳನ್ನೂ ಕೆಲವೇ ದಿನದಲ್ಲಿ ಶೋಧಿಸಲಾಯಿತು. ನವೆಂಬರ್‌ನಲ್ಲಿ ಜೆಸಿಕಾ ಟಿಶ್ ಬಂದರು. ಮೂರು ವರ್ಷ ತುಂಬುವ ಮೊದಲೇ ನಾಲ್ಕನೇ ಮುಖ.

ಟಿಶ್ ಒಂದು ದಿನವೂ ಪೊಲೀಸ್ ಯೂನಿಫಾರ್ಮ್ ಹಾಕಿದವರಲ್ಲ. ಇಲಾಖೆಯ ತಂತ್ರಜ್ಞಾನ ವಿಭಾಗದಲ್ಲಿ ಕೆಲಸ ಮಾಡಿ, ಆಮೇಲೆ ನಗರದ ಕಸ ವಿಲೇವಾರಿ ಇಲಾಖೆ ನಡೆಸಿದವರು. ಪೊಲೀಸ್ ಮೇಯರ್ ನೇಮಿಸಿದ ಕಮಿಷನರ್‌ಗಳಲ್ಲಿ ಹೆಚ್ಚು ಮನ್ನಣೆ ಗಳಿಸಿದ್ದು ಅವರೇ.

ಲಾಸ್ ಏಂಜಲೀಸ್‌ನಿಂದ ಒಂದು ಪಾಠ

ಆಡಮ್ಸ್ ಈ ದಾರಿಯಲ್ಲಿ ನಡೆದ ಮೊದಲಿಗರಲ್ಲ. ಫಿಲಡೆಲ್ಫಿಯಾದ ಪೊಲೀಸ್ ಕಮಿಷನರ್ ಫ್ರ್ಯಾಂಕ್ ರಿಝೊ 1972ರಿಂದ 1980ರವರೆಗೆ ಅಲ್ಲಿನ ಮೇಯರ್. ಲಾಠಿಯ ಭಾಷೆಯಲ್ಲೇ ನಗರ ಆಳಿದ ಅವರ ಕಾಲದಲ್ಲಿ, ಪೊಲೀಸ್ ದೌರ್ಜನ್ಯಕ್ಕಾಗಿ ಅಮೆರಿಕದ ನ್ಯಾಯ ಇಲಾಖೆಯೇ 1979ರಲ್ಲಿ ನಗರದ ಮೇಲೆ ದಾವೆ ಹೂಡಿತು. ಅವರ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ತೆಗೆಸಲಾಯಿತು.

ಟಾಮ್ ಬ್ರ್ಯಾಡ್ಲಿ ಕಥೆ ಇದಕ್ಕಿಂತ ಆಳವಾದದ್ದು. ಟೆಕ್ಸಸ್‌ನ ಗೇಣಿದಾರರ ಮಗ. 1940ರಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಸೇರಿದರು. ಕಪ್ಪು ಮತ್ತು ಬಿಳಿ ಪೊಲೀಸರು ಒಂದೇ ಗಸ್ತು ಕಾರಿನಲ್ಲಿ ಕೂರುವಂತಿಲ್ಲದ ಕಾಲ ಅದು. ಲೆಫ್ಟಿನೆಂಟ್ ಆದರು. ಅದರ ಮೇಲಿನ ಮೆಟ್ಟಿಲು ಕಪ್ಪು ಅಧಿಕಾರಿಗೆ ಇರಲಿಲ್ಲ. ಕೆಲಸ ಮಾಡುತ್ತಲೇ ಕಾನೂನು ಓದಿದರು, ಪೊಲೀಸ್ ಕೆಲಸ ಬಿಟ್ಟರು, 1963ರಲ್ಲಿ ನಗರ ಕೌನ್ಸಿಲ್ ಸೇರಿದರು. 1973ರಲ್ಲಿ ಮೇಯರ್ ಆಗಿ 1993ರವರೆಗೆ, ಸತತ ಐದು ಅವಧಿ ಆಳಿದರು. 1984ರ ಒಲಿಂಪಿಕ್ಸ್ ನಡೆದದ್ದು ಅವರ ಕಾಲದಲ್ಲೇ.

ಆದರೆ ಪೊಲೀಸರನ್ನು ಒಳಗಿನಿಂದ ಬಲ್ಲ ಬ್ರ್ಯಾಡ್ಲಿಗೆ ತನ್ನ ಊರಿನ ಪೊಲೀಸ್ ಮುಖ್ಯಸ್ಥನನ್ನು ತೆಗೆಯುವ ಅಧಿಕಾರವೇ ಇರಲಿಲ್ಲ. ಅಲ್ಲಿನ ಚಾರ್ಟರ್, ಅಂದರೆ ನಗರದ ಮೂಲ ಕಾನೂನಿನ ಪ್ರಕಾರ ಮುಖ್ಯಸ್ಥರಿಗೆ ಸಿವಿಲ್ ಸರ್ವೀಸ್ ರಕ್ಷಣೆ ಇತ್ತು. 1978ರಿಂದ ಆ ಹುದ್ದೆಯಲ್ಲಿದ್ದವರು ಡ್ಯಾರಿಲ್ ಗೇಟ್ಸ್. 1991ರಲ್ಲಿ ರಾಡ್ನಿ ಕಿಂಗ್ ಅನ್ನುವ ಕಪ್ಪು ವ್ಯಕ್ತಿಯನ್ನು ಪೊಲೀಸರು ಬಡಿದ ವಿಡಿಯೊ ಬಂದ ಮೇಲೆ ಬ್ರ್ಯಾಡ್ಲಿ ರಾಜೀನಾಮೆ ಕೇಳಿದರು. ಗೇಟ್ಸ್ ಕೊಡಲಿಲ್ಲ. ಇಬ್ಬರ ನಡುವೆ ಮಾತುಕತೆಯೇ ನಿಂತುಹೋಯಿತು. 1992ರ ಏಪ್ರಿಲ್ 29ರ ಸಂಜೆ, ಆ ಪೊಲೀಸರನ್ನು ಖುಲಾಸೆ ಮಾಡಿದ ತೀರ್ಪು ಬಂದು ನಗರಕ್ಕೆ ಬೆಂಕಿ ಬಿದ್ದಾಗ, ಬ್ರ್ಯಾಡ್ಲಿ ಒಂದು ಚರ್ಚ್‌ನಲ್ಲಿ ನಿಂತು ಶಾಂತವಾಗಿರಿ ಅಂತ ಜನರನ್ನು ಬೇಡಿಕೊಳ್ಳುತ್ತಿದ್ದರು. ಗೇಟ್ಸ್ ಬ್ರೆಂಟ್‌ವುಡ್‌ನಲ್ಲಿ ಹಣ ಸಂಗ್ರಹದ ಕಾರ್ಯಕ್ರಮದಲ್ಲಿದ್ದರು. ಪೊಲೀಸ್ ಮುಖ್ಯಸ್ಥರ ಅಧಿಕಾರಕ್ಕೆ ಕಡಿವಾಣ ಹಾಕುವ ಚಾರ್ಟರ್ ತಿದ್ದುಪಡಿಯನ್ನು ಸೋಲಿಸಲು ಕೂಡಿಸುತ್ತಿದ್ದ ಹಣ ಅದು. ಆ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಜೂನ್‌ನಲ್ಲಿ ಮತದಾರರು ತಿದ್ದುಪಡಿಯನ್ನು ಗೆಲ್ಲಿಸಿದರು.

ಬ್ರ್ಯಾಡ್ಲಿಗೆ ಇಚ್ಛೆ ಇತ್ತು, ಅಧಿಕಾರ ಇರಲಿಲ್ಲ. ಆಡಮ್ಸ್‌ಗೆ ಚಾರ್ಟರ್ ಪೂರ್ತಿ ಅಧಿಕಾರ ಕೊಟ್ಟಿತ್ತು. ಮೇಯರ್ ಮೊದಲು ಪೊಲೀಸ್ ಆಗಿದ್ದರೇ ಇಲ್ಲವೇ ಅನ್ನುವುದಕ್ಕಿಂತ, ಕಮಿಷನರ್ ಯಾರ ಮಾತು ಕೇಳಬೇಕು ಅಂತ ಕಾನೂನು ಹೇಳುತ್ತದೆ, ಮೇಯರ್ ಆ ಅಧಿಕಾರವನ್ನು ಯಾರಿಗಾಗಿ ಬಳಸುತ್ತಾರೆ ಅನ್ನುವುದೇ ದೊಡ್ಡದು.

ಪೊಲೀಸ್ ಕೆಲಸ ಕಲಿಸದ ವಿಷಯಗಳು

2022ರ ವಸಂತದಿಂದ ಎರಡು ಲಕ್ಷಕ್ಕೂ ಹೆಚ್ಚು ವಲಸಿಗರು ನ್ಯೂಯಾರ್ಕ್‌ಗೆ ಬಂದರು. ಸೂರಿಲ್ಲದೆ ಕೇಳಿಕೊಂಡು ಬಂದವರಿಗೆ ಮಲಗಲು ಜಾಗ ಕೊಡಬೇಕು ಅನ್ನುವ 1981ರ ಕೋರ್ಟ್ ಒಪ್ಪಂದ ಅಲ್ಲಿದೆ. ರೂಸ್‌ವೆಲ್ಟ್ ಹೋಟೆಲ್ ಸ್ವಾಗತ ಕೇಂದ್ರವಾಯಿತು. ಖರ್ಚು ಶತಕೋಟಿಗಟ್ಟಲೆ ಡಾಲರ್ ಏರಿತು. ಇದು ನಗರವನ್ನೇ ನಾಶ ಮಾಡುತ್ತದೆ ಅಂತ 2023ರ ಸೆಪ್ಟೆಂಬರ್‌ನಲ್ಲಿ ಆಡಮ್ಸ್ ಹೇಳಿದರು. ಬಜೆಟ್ ಕಡಿತಕ್ಕೆ ಸಿಕ್ಕಿ ಗ್ರಂಥಾಲಯಗಳ ಭಾನುವಾರದ ಬಾಗಿಲು ಮುಚ್ಚಿತು. ಮರುವರ್ಷ ತೆರೆಯಿತು, ಆದರೆ ಹೆಸರು ಕೆಟ್ಟಿತ್ತು. 2023ರ ಡಿಸೆಂಬರ್‌ನ ಒಂದು ಸಮೀಕ್ಷೆಯಲ್ಲಿ ಅವರ ಕೆಲಸ ಮೆಚ್ಚಿದವರು 28 ಶೇಕಡಾ. ಫುಟ್‌ಪಾತ್ ಮೇಲಿನ ಕಸದ ಚೀಲಗಳನ್ನು ಡಬ್ಬಿಗೆ ತಂದದ್ದು, ಹೊಸ ಮನೆ ಕಟ್ಟಲು ನಿಯಮ ಸಡಿಲಿಸಿದ್ದು ಅವರ ಕಾಲದ ಒಳ್ಳೆಯ ಕೆಲಸಗಳು. ಗದ್ದಲದಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಕೇಸು ಮತ್ತು ಅದರ ಬಿಡುಗಡೆ

2024ರ ಸೆಪ್ಟೆಂಬರ್‌ನಲ್ಲಿ ಫೆಡರಲ್ ಗ್ರ್ಯಾಂಡ್ ಜ್ಯೂರಿ (ಕೇಸು ನಡೆಸುವಷ್ಟು ಆಧಾರ ಇದೆಯೇ ಅಂತ ನೋಡುವ ನಾಗರಿಕರ ಮಂಡಳಿ) ಆಡಮ್ಸ್ ಮೇಲೆ ಐದು ಆರೋಪ ಹೊರಿಸಿತು. ಆಧುನಿಕ ಕಾಲದಲ್ಲಿ ಅಧಿಕಾರದಲ್ಲಿದ್ದಾಗಲೇ ಆರೋಪಿಯಾದ ಮೊದಲ ನ್ಯೂಯಾರ್ಕ್ ಮೇಯರ್. ಟರ್ಕಿಯವರಿಂದ 1 ಲಕ್ಷ ಡಾಲರ್‌ಗೂ ಹೆಚ್ಚಿನ ಪ್ರಯಾಣದ ಸೌಲಭ್ಯ ಪಡೆದರು, ಬದಲಿಗೆ ಮ್ಯಾನ್‌ಹಟನ್‌ನ ಟರ್ಕಿಶ್ ಕಾನ್ಸುಲೇಟ್‌ನ ಎತ್ತರದ ಕಟ್ಟಡ ಬೇಗ ತೆರೆಯುವಂತೆ ಅಗ್ನಿಶಾಮಕ ಇಲಾಖೆ ಮೇಲೆ ಒತ್ತಡ ತಂದರು ಅನ್ನುವುದು ಪ್ರಾಸಿಕ್ಯೂಷನ್ ವಾದ.

ಚುನಾವಣಾ ದೇಣಿಗೆಯ ಆರೋಪ ಇನ್ನೂ ಗಂಭೀರ. ನ್ಯೂಯಾರ್ಕ್‌ನಲ್ಲಿ ಸಾಮಾನ್ಯ ನಿವಾಸಿ ಕೊಟ್ಟ ಸಣ್ಣ ದೇಣಿಗೆಗೆ ನಗರವೇ ಎಂಟು ಪಟ್ಟು ಸೇರಿಸಿ ಕೊಡುತ್ತದೆ. 250 ಡಾಲರ್‌ಗೆ 2,000 ಡಾಲರ್. ದುಡ್ಡಿಲ್ಲದವರೂ ಚುನಾವಣೆಗೆ ನಿಲ್ಲಲಿ ಅನ್ನುವುದು ಇದರ ಉದ್ದೇಶ. ಬೇನಾಮಿ ಹೆಸರಿನಲ್ಲಿ ವಿದೇಶಿ ಹಣ ತಂದು ಇದೇ ಖಜಾನೆಯಿಂದ ಹಣ ಪಡೆದರು ಅನ್ನುವುದು ಆರೋಪ. ಆಡಮ್ಸ್ ಎಲ್ಲವನ್ನೂ ನಿರಾಕರಿಸಿದರು. ವಿಚಾರಣೆ ನಡೆಯಲೇ ಇಲ್ಲ, ಹಾಗಾಗಿ ಸಾಬೀತೂ ಆಗಲಿಲ್ಲ.

2025ರ ಫೆಬ್ರವರಿಯಲ್ಲಿ ಟ್ರಂಪ್ ಸರ್ಕಾರದ ನ್ಯಾಯ ಇಲಾಖೆ ಕೇಸು ಕೈಬಿಡಲು ಹೇಳಿತು. ಸಾಕ್ಷ್ಯ ದುರ್ಬಲ ಅಂತಲ್ಲ. ಅಕ್ರಮ ವಲಸೆ ತಡೆಯಲು ಮೇಯರ್ ಸಹಕರಿಸಲು ಕೇಸು ಅಡ್ಡಿ ಅಂತ. ಮ್ಯಾನ್‌ಹಟನ್‌ನ ಹಂಗಾಮಿ ಫೆಡರಲ್ ಪ್ರಾಸಿಕ್ಯೂಟರ್ ಡ್ಯಾನಿಯೆಲ್ ಸಸೂನ್ ಆದೇಶ ಪಾಲಿಸದೆ ರಾಜೀನಾಮೆ ಕೊಟ್ಟರು. ಅವರ ಹಿಂದೆ ಇನ್ನೂ ಕೆಲವರು. ನಾಲ್ವರು ಉಪಮೇಯರ್‌ಗಳು ಒಟ್ಟಿಗೇ ಹೊರನಡೆದರು. ಏಪ್ರಿಲ್ 2ರಂದು ನ್ಯಾಯಾಧೀಶ ಡೇಲ್ ಹೊ ಕೇಸನ್ನು ಶಾಶ್ವತವಾಗಿ ವಜಾ ಮಾಡಿದರು. ಮತ್ತೆ ತೆರೆಯುತ್ತೇವೆ ಅನ್ನುವ ಕತ್ತಿ ಮೇಯರ್ ತಲೆಯ ಮೇಲೆ ತೂಗಬಾರದು ಅನ್ನುವುದು ಕಾರಣ. ಆದರೆ ಇಲ್ಲಿರುವುದೆಲ್ಲ ಚೌಕಾಸಿಯ ವಾಸನೆ ಹೊಡೆಯುತ್ತದೆ, ವಲಸೆ ನೀತಿಯಲ್ಲಿ ರಿಯಾಯಿತಿಗೆ ಬದಲಾಗಿ ಕೇಸಿನ ವಜಾ ಅಂತಲೂ ಬರೆದರು. ಅಂಥ ಒಪ್ಪಂದ ಇರಲಿಲ್ಲ ಅಂತ ಆಡಮ್ಸ್ ಕಡೆಯವರು ಹೇಳುತ್ತಾರೆ.

ಕಾನೂನಿನ ಪ್ರಕಾರ ಆಡಮ್ಸ್ ಬಿಡುಗಡೆ ಆದರು. ಜನರ ಮನಸ್ಸಿನಲ್ಲಿ ಆಗಲಿಲ್ಲ. ಡೆಮಾಕ್ರಟಿಕ್ ಪ್ರೈಮರಿ ಬಿಟ್ಟು ಪಕ್ಷೇತರರಾಗಿ ನಿಂತರು. ಚುನಾವಣಾ ಹಣಕಾಸು ಮಂಡಳಿ ಎಂಟು ಪಟ್ಟಿನ ಆ ನೆರವನ್ನು ಕೊಡಲಿಲ್ಲ. ಸೆಪ್ಟೆಂಬರ್ 28ರಂದು ಅಧಿಕೃತ ನಿವಾಸ ಗ್ರೇಸಿ ಮ್ಯಾನ್ಷನ್‌ನ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ತಾಯಿಯ ಫೋಟೊ ಇಟ್ಟುಕೊಂಡು, ಕಣದಿಂದ ಹಿಂದೆ ಸರಿಯುವುದಾಗಿ ವಿಡಿಯೊದಲ್ಲಿ ಹೇಳಿದರು. ಹೆಸರು ಮತಪತ್ರದಲ್ಲಿ ಉಳಿದಿತ್ತು. ನವೆಂಬರ್ 4ರಂದು ಡೆಮಾಕ್ರಟಿಕ್ ಅಭ್ಯರ್ಥಿ ಜೊಹ್ರಾನ್ ಮಮ್ದಾನಿ ಗೆದ್ದರು.

ಮಮ್ದಾನಿ ಹಿಂದೆ ಪೊಲೀಸರನ್ನು ಕಟುವಾಗಿ ಟೀಕಿಸಿದವರು, ಆಮೇಲೆ ಅದಕ್ಕೆ ಕ್ಷಮೆ ಕೇಳಿದವರು. ಅವರು ಟಿಶ್ ಅವರನ್ನೇ ಕಮಿಷನರ್ ಆಗಿ ಮುಂದುವರಿಸಿದರು. ಮಾನಸಿಕ ಸಮಸ್ಯೆಯ ಕರೆಗಳಿಗೆ ಬಂದೂಕು ಇಲ್ಲದ ತರಬೇತಾದ ಸಿಬ್ಬಂದಿ ಹೋಗಬೇಕು, ಅದಕ್ಕೊಂದು ಬೇರೆ ಇಲಾಖೆ ಬೇಕು ಅನ್ನುವುದು ಅವರು ಮತದಾರರಿಗೆ ಕೊಟ್ಟ ಮಾತು. ಬೀದಿಯ ತಪಾಸಣೆಗಳ ಲೆಕ್ಕ ನೋಡುವ ಕೋರ್ಟಿನ ಮೇಲ್ವಿಚಾರಕರು ಅವರ ಇಲಾಖೆಯ ಬಗ್ಗೆಯೂ ವರದಿ ಬರೆಯುತ್ತಾರೆ, 2013ರಲ್ಲಿ ಒಬ್ಬ ಮಾಜಿ ಕ್ಯಾಪ್ಟನ್ ಸಾಕ್ಷಿ ಹೇಳಿದ ಅದೇ ಕೇಸಿನ ಅಡಿಯಲ್ಲಿ.